ಸಡಿಲು ಮೊದಲು, ಅಳತೆ ಆಮೇಲೆ

ಕೇಳುಗರಿಗೆ ನಮಸ್ಕಾರ.

ನನ್ನ ಹಳೆಯ ಕಾರಿನ ಮುಂದಿನ ಟೈರೊಂದನ್ನು ನಾನು ಮೊದಲ ಬಾರಿಗೆ ಅಂಗೈಯಿಂದ ಸವರಿ ನೋಡಿದ್ದು ಅದನ್ನು ಕಳಚಿ ಎಸೆಯುವ ದಿನ. ಹಾಕಿಸಿ ಒಂದು ವರ್ಷವೂ ಆಗಿರಲಿಲ್ಲ. ಕಾರಿನ ಒಳಬದಿಯಿಂದ ಹೊರಬದಿಗೆ ಕೈ ಎಳೆದರೆ ನುಣುಪಾಗಿತ್ತು. ಹೊರಗಿನಿಂದ ಒಳಕ್ಕೆ ಎಳೆದರೆ ರಬ್ಬರಿನ ಒಂದೊಂದು ಪಟ್ಟಿಯ ಅಂಚೂ ಗರಗಸದ ಹಲ್ಲಿನ ಹಾಗೆ ಬೆರಳಿಗೆ ತಗುಲುತ್ತಿತ್ತು. ಒಳಗಿನ ಅಂಚು ಸವೆದು ಎಳೆ ಇಣುಕುತ್ತಿತ್ತು. ಅಷ್ಟರಲ್ಲಿ ಆ ಕಾರಿಗೆ ಮೂರು ಸಲ ಚಕ್ರಗಳ ಕೋನ ಸರಿಪಡಿಸುವ ವೀಲ್ ಅಲೈನ್‌ಮೆಂಟ್ ಮಾಡಿಸಿದ್ದೆ. ಮೂರು ಸಲವೂ ಯಂತ್ರದ ಪರದೆಯಲ್ಲಿ ಅಂಕಿಗಳೆಲ್ಲ ಹಸಿರು. ಪರದೆ ಹಸಿರು, ಟೈರು ಬೋಳು.

ಯಂತ್ರ ಸುಳ್ಳು ಹೇಳಿರಲಿಲ್ಲ. ನಿಂತ ಕಾರನ್ನು ಅಳೆದು, ನಿಂತ ಕಾರಿನ ಸತ್ಯವನ್ನು ಹೇಳಿತ್ತು. ಟೈರು ಸವೆಯುವುದು ಓಡುವಾಗ.

ಚಕ್ರದ ಕೋನಗಳಲ್ಲಿ ಟೈರನ್ನು ಎಲ್ಲಕ್ಕಿಂತ ಬೇಗ ತಿನ್ನುವುದು ಟೋ. ಮೇಲಿನಿಂದ ನೋಡಿದಾಗ ಮುಂದಿನ ಎರಡು ಚಕ್ರಗಳ ಮುಂಭಾಗ ಒಂದಕ್ಕೊಂದು ಹತ್ತಿರ ಬಾಗಿದ್ದರೆ ಟೋ-ಇನ್, ದೂರ ಸರಿದಿದ್ದರೆ ಟೋ-ಔಟ್. ಎರಡೂ ಪಾದಗಳನ್ನು ಹೊರಕ್ಕೆ ತಿರುಗಿಸಿಕೊಂಡು ನೇರ ನಡೆಯಲು ಪ್ರಯತ್ನಿಸಿ, ಚಪ್ಪಲಿ ನೆಲಕ್ಕೆ ಹೇಗೆ ಉಜ್ಜುತ್ತದೆ ಎಂಬುದು ಗೊತ್ತಾಗುತ್ತದೆ. ಲೆಕ್ಕವನ್ನೂ ಹಾಕಿ ನೋಡೋಣ. ಟೈರಿನ ವ್ಯಾಸ 65 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಎರಡು ಚಕ್ರಗಳ ನಡುವಿನ ದೂರ ಮುಂಭಾಗಕ್ಕೂ ಹಿಂಭಾಗಕ್ಕೂ 10 ಮಿಲಿಮೀಟರ್ ವ್ಯತ್ಯಾಸವಿದ್ದರೆ ಒಂದೊಂದರ ಪಾಲಿಗೆ 5. ಆಗ ಪ್ರತಿ ಕಿಲೋಮೀಟರಿಗೆ ಒಂದೊಂದು ಚಕ್ರವೂ ಏಳೂವರೆ ಮೀಟರಿಗಿಂತ ಹೆಚ್ಚು ಅಡ್ಡಡ್ಡ ಎಳೆಸಿಕೊಂಡಂತೆ ಆಗುತ್ತದೆ. ಸಾವಿರ ಕಿಲೋಮೀಟರ್ ಓಡಿದಾಗ ಏಳೂವರೆ ಕಿಲೋಮೀಟರ್. ಯಾವ ರಬ್ಬರು ಉಳಿದೀತು?

ಹಿಂದಿನ ಚಕ್ರಗಳು ತಳ್ಳುವ ಹಳೆಯ ಕಾರಿನಲ್ಲಿ ಮುಂದಿನ ಚಕ್ರಗಳು ಬರೀ ಉರುಳುತ್ತವೆ. ರಸ್ತೆ ಅವುಗಳನ್ನು ಹಿಂದಕ್ಕೆ ತಡೆಯುತ್ತದೆ, ಆ ತಡೆಗೆ ಅವು ಹೊರಕ್ಕೆ ತೆರೆದುಕೊಳ್ಳಲು ನೋಡುತ್ತವೆ. ಅದಕ್ಕಾಗಿಯೇ ತಯಾರಕರು ನಿಂತಾಗ ಸ್ವಲ್ಪ ಟೋ-ಇನ್ ಇಡುತ್ತಿದ್ದರು. ಸಾಮಾನ್ಯವಾಗಿ ಒಂದೂವರೆಯಿಂದ ಮೂರು ಮಿಲಿಮೀಟರ್. ಓಡುವಾಗ ಜೋಡಣೆಗಳು ಬಿಗಿದುಕೊಂಡು ಚಕ್ರಗಳು ಹೆಚ್ಚುಕಡಿಮೆ ನೇರಕ್ಕೆ ಬರಲಿ ಎಂಬ ಉದ್ದೇಶ. ಆದರೆ ಅರ್ಧ ಶತಮಾನ ಓಡಿದ ಕಾರಿನ ಜೋಡಣೆಗಳಲ್ಲಿ ಇರುವುದು ಕಾರ್ಖಾನೆ ಊಹಿಸಿದ ಸಡಿಲಲ್ಲ. ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ತುದಿಯಲ್ಲಿ ಒಂದಿಷ್ಟು, ಚಕ್ರ ಎಡಕ್ಕೂ ಬಲಕ್ಕೂ ಹೊರಳಲು ಆಧಾರವಾದ ಗೂಟ ಕಿಂಗ್‌ಪಿನ್, ಅದರ ಸುತ್ತಲಿನ ಬಳೆಯಂಥ ಬುಷ್‌ನಲ್ಲಿ ಒಂದಿಷ್ಟು, ಚಕ್ರ ಉರುಳುವ ಬೇರಿಂಗಿನಲ್ಲಿ ಒಂದಿಷ್ಟು ಎಂದು ಎಲ್ಲವೂ ಕೂಡಿ, ಕಾರು ಹೊರಟ ಕೂಡಲೇ ಮೂರು ಮಿಲಿಮೀಟರ್ ಟೋ-ಇನ್ ಕರಗಿ, ಚಕ್ರಗಳು ಟೋ-ಔಟ್ ಆಗುತ್ತವೆ. ಗರಗಸದ ಹಲ್ಲು ಹೊರಕ್ಕೆ ಮುಖ ಮಾಡಿದ್ದರೆ ಓಡುವಾಗ ಟೋ-ಔಟ್ ಎಂದು ಅರ್ಥ, ಒಳಕ್ಕೆ ಮುಖ ಮಾಡಿದ್ದರೆ ಟೋ-ಇನ್ ಅತಿಯಾಗಿದೆ ಎಂದು ಅರ್ಥ. ನನ್ನ ಟೈರು ಅಷ್ಟು ದಿನದಿಂದ ಹೇಳುತ್ತಿದ್ದುದು ಇದನ್ನೇ. ನಾನು ಪರದೆ ನೋಡುತ್ತಿದ್ದೆ.

ಸಡಿಲು ಹುಡುಕುವುದಕ್ಕೆ ದುಬಾರಿ ಸಲಕರಣೆ ಬೇಡ. ಕಾರನ್ನು ಜಾಕ್ ಮೇಲೆತ್ತಿ, ಗಟ್ಟಿಯಾದ ಸ್ಟ್ಯಾಂಡ್ ಮೇಲೆ ಕೂರಿಸಿ. ಜಾಕ್ ಒಂದನ್ನೇ ನಂಬಿ ಅಡಿಗೆ ನುಗ್ಗಬೇಡಿ. ಚಕ್ರವನ್ನು ಗಡಿಯಾರದ ಮುಖ ಎಂದುಕೊಂಡು ಹನ್ನೆರಡು ಮತ್ತು ಆರರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಕಟಕ್ ಎಂದರೆ ಒಂದೋ ಬೇರಿಂಗ್, ಇಲ್ಲವೇ ಕಿಂಗ್‌ಪಿನ್. ಯಾವುದು ಎಂದು ತಿಳಿಯುವ ಉಪಾಯ ಹಳೆಯದು: ಒಳಗೆ ಕುಳಿತವರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲ್ಲಾಡಿಸಿ. ಕಟಕಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್. ಆಮೇಲೆ ಮೂರು ಮತ್ತು ಒಂಬತ್ತರ ಜಾಗದಲ್ಲಿ ಹಿಡಿದು ಆಡಿಸಿದರೆ ಟೈ ರಾಡ್ ಮತ್ತು ಸ್ಟೇರಿಂಗ್ ಪೆಟ್ಟಿಗೆಯ ಸರದಿ. ಟೈ ರಾಡಿನ ತುದಿಯ ಮೇಲೆ ಬೆರಳಿಟ್ಟುಕೊಂಡು ಬೇರೊಬ್ಬರಿಂದ ಸ್ಟೇರಿಂಗ್ ಅತ್ತಿತ್ತ ಆಡಿಸಿದರೆ, ಕಣ್ಣಿಗೆ ಕಾಣದ ಸಡಿಲು ಬೆರಳಿಗೆ ಸಿಗುತ್ತದೆ.

ನನ್ನ ಕಾರಿನಲ್ಲಿ ಬ್ರೇಕ್ ಒತ್ತಿದರೂ ಕಟಕಟ ನಿಲ್ಲಲಿಲ್ಲ. ಕಿಂಗ್‌ಪಿನ್‌ಗೆ ಗ್ರೀಸ್ ತುಂಬುವ ಪುಟ್ಟ ನಿಪ್ಪಲ್ ಇರುತ್ತದೆಯಲ್ಲ, ಅದನ್ನು ಬಟ್ಟೆಯಿಂದ ಒರೆಸಿದೆ. ಕಪ್ಪು ಹೋಗಲಿಲ್ಲ. ಉಗುರಿನಿಂದ ಕೆರೆದಾಗ ಪದರ ಪದರವಾಗಿ ಎದ್ದು ಬಂದದ್ದು ಬಣ್ಣ! ನನಗಿಂತ ಹಿಂದಿನ ಯಾರೋ ಕಾರಿಗೆ ಹೊಸ ರೂಪ ಕೊಡುವ ಹುಮ್ಮಸ್ಸಿನಲ್ಲಿ ಅಚ್ಚಿಗೆಲ್ಲ ಬಣ್ಣ ಹೊಡೆದಿದ್ದರು, ನಿಪ್ಪಲ್ ಬಾಯಿಯನ್ನೂ ಬಿಟ್ಟಿರಲಿಲ್ಲ. ಒಳಗಿನ ಬುಷ್ ಎಷ್ಟು ವರ್ಷ ಒಣಗಿ ಅರೆದಿತ್ತೋ. ಹೊಳೆಯುವ ಹಳೆಯ ಕಾರು ಕಂಡರೆ ಈಗ ನನ್ನ ಕಣ್ಣು ಮೊದಲು ಹೋಗುವುದು ಆ ನಿಪ್ಪಲ್ ಕಡೆಗೆ.

ಬುಷ್ ಮತ್ತು ಪಿನ್ ಬದಲಾಯಿಸಿದ ಮೇಲೆ ಟೋ ಅಳೆಯುವ ಕೆಲಸವನ್ನು ನಾನೇ ಮಾಡಿದೆ. ಸಮತಟ್ಟಾದ ನೆಲ, ಸರಿಯಾದ ಗಾಳಿ, ಒಂದು ಟೇಪು, ಒಂದು ಸೀಮೆಸುಣ್ಣ. ಜಾಕ್‌ನಿಂದ ಇಳಿಸಿದ ಕೂಡಲೇ ಅಳೆಯಬಾರದು, ಚಕ್ರಗಳು ಆಗ ಅಸಹಜವಾಗಿ ಕುಳಿತಿರುತ್ತವೆ. ನಾಲ್ಕು ಹೆಜ್ಜೆ ಉರುಳಿಸಿ ನಿಲ್ಲಿಸಬೇಕು. ಟೈರಿನ ನಡುವಿನ ಪಟ್ಟಿಯ ಮೇಲೆ, ಚಕ್ರದ ಮುಂಭಾಗದಲ್ಲಿ, ಅಚ್ಚಿನ ಎತ್ತರಕ್ಕೆ ಎರಡೂ ಕಡೆ ಗುರುತು ಹಾಕಿ ನಡುವಿನ ದೂರ ಬರೆದುಕೊಳ್ಳಬೇಕು. ಬಳಿಕ ಕಾರನ್ನು ಚಕ್ರ ಅರ್ಧ ಸುತ್ತು ಸುತ್ತುವಷ್ಟು ಮುಂದಕ್ಕೆ ತಳ್ಳಿದರೆ ಅದೇ ಗುರುತುಗಳು ಹಿಂದಕ್ಕೆ ಬರುತ್ತವೆ. ಮತ್ತೆ ಅಳೆಯಿರಿ. ಅದೇ ಗುರುತನ್ನು ಎರಡು ಸಲ ಅಳೆಯುವುದರಿಂದ ರಿಮ್ಮಿನ ಸೊಟ್ಟು ಲೆಕ್ಕಕ್ಕೆ ಬರುವುದಿಲ್ಲ. ಮುಂದಿನ ಅಳತೆ ಹಿಂದಿನದಕ್ಕಿಂತ ಕಡಿಮೆ ಇದ್ದಷ್ಟು ಟೋ-ಇನ್. ಗುರುತು ದಾಟಿ ಹೋಯಿತೆಂದು ಹಿಂದಕ್ಕೆ ಎಳೆದು ಸರಿಪಡಿಸಬೇಡಿ; ಹಿಂದಕ್ಕೆ ಎಳೆದರೆ ಉಳಿದ ಅಲ್ಪಸ್ವಲ್ಪ ಸಡಿಲು ಮಗ್ಗುಲು ಬದಲಿಸುತ್ತದೆ. ಮೊದಲಿನಿಂದ ಶುರು ಮಾಡಿ.

ಇಲ್ಲಿ ಒಂದು ಮೋಸವಿದೆ. ಕೈಪಿಡಿಯಲ್ಲಿ ಮೂರು ಮಿಲಿಮೀಟರ್ ಎಂದು ಬರೆದಿದ್ದರೆ ಎಲ್ಲಿ ಅಳೆದ ಮೂರು ಎಂದು ಓದಿ. 16 ಇಂಚಿನ ರಿಮ್ಮಿನ ಅಂಚಿನಲ್ಲಿ ಮೂರು ಮಿಲಿಮೀಟರ್ ಎಂದರೆ ಒಟ್ಟು ಸುಮಾರು 25 ಕೋನ ನಿಮಿಷ; ಅರವತ್ತು ನಿಮಿಷಕ್ಕೆ ಒಂದು ಡಿಗ್ರಿ. ಅದೇ ಮೂರನ್ನು 65 ಸೆಂಟಿಮೀಟರ್ ಟೈರಿನ ಮೈಮೇಲೆ ಅಳೆದರೆ 16 ನಿಮಿಷವಷ್ಟೇ. ಈಗಿನ ಯಂತ್ರಗಳು ಡಿಗ್ರಿ, ನಿಮಿಷಗಳಲ್ಲಿ ಮಾತಾಡುತ್ತವೆ. ಯಂತ್ರದ ಪಟ್ಟಿಯಲ್ಲಿ ನಿಮ್ಮ ಕಾರಿನ ಹೆಸರೇ ಇಲ್ಲದಿದ್ದರೆ, ಕೆಲಸದವರು ಹತ್ತಿರದ್ದೆಂದು ತೋರಿದ ಇನ್ಯಾವುದೋ ಕಾರನ್ನು ಆರಿಸಿಬಿಡಬಹುದು. ಪರದೆಯ ಹಸಿರು ಆ ಇನ್ಯಾವುದೋ ಕಾರಿನದು. ಕೈಪಿಡಿಯ ಆ ಪುಟವನ್ನು ಜೊತೆಗೆ ಒಯ್ಯಿರಿ.

ಟೋ ಸರಿಪಡಿಸುವುದು ಸುಲಭ. ಟೈ ರಾಡಿನ ಒಂದು ತುದಿಗೆ ಬಲ ತಿರುಪು, ಇನ್ನೊಂದಕ್ಕೆ ಎಡ ತಿರುಪು ಇದ್ದರೆ ರಾಡನ್ನು ತಿರುಗಿಸಿದ ದಿಕ್ಕಿಗೆ ತಕ್ಕಂತೆ ಅದು ಉದ್ದವಾಗುತ್ತದೆ, ಇಲ್ಲವೇ ಗಿಡ್ಡವಾಗುತ್ತದೆ. ಕ್ಯಾಂಬರ್ ಮತ್ತು ಕ್ಯಾಸ್ಟರ್ ವಿಷಯ ಹಾಗಲ್ಲ. ಚಕ್ರದ ತಲೆ ಹೊರಕ್ಕೋ ಒಳಕ್ಕೋ ವಾಲುವುದು ಕ್ಯಾಂಬರ್. ಕಿಂಗ್‌ಪಿನ್ನಿನ ತಲೆ ಹಿಂದಕ್ಕೆ ವಾಲಿರುವುದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ಹಾಗೆಯೇ ವಾಲಿರುವುದರಿಂದ ಚಕ್ರ ತಾನಾಗಿ ನೇರಕ್ಕೆ ಬರುತ್ತದೆ. ಒಂದೇ ಗಟ್ಟಿ ಅಚ್ಚಿನ ಕಾರುಗಳಲ್ಲಿ ಕ್ಯಾಂಬರ್ ಅಚ್ಚಿನಲ್ಲೇ ಬಂದದ್ದು. ಅದು ತಪ್ಪಿದೆ ಎಂದರೆ ಅಚ್ಚು ಬಾಗಿದೆ ಅಥವಾ ಬುಷ್ ಸವೆದಿದೆ. ಕ್ಯಾಸ್ಟರನ್ನು ಪಟ್ಟಿ ಸ್ಪ್ರಿಂಗ್ ಮತ್ತು ಅಚ್ಚಿನ ನಡುವೆ ಬೆಣೆಯಂಥ ತಗಡು ಕೊಟ್ಟು ಬದಲಿಸುತ್ತಾರೆ. ಸ್ಪ್ರಿಂಗ್ ಕುಸಿದಿದ್ದರೆ ಬೆಣೆಗಿಂತ ಮೊದಲು ಸ್ಪ್ರಿಂಗನ್ನೇ ನೋಡಬೇಕು.

ಎಲ್ಲ ಸರಿಯಿದ್ದೂ ತಿರುವುಗಳಲ್ಲಿ ಟೈರು ಕಿರುಚಿ ಸವೆಯುವ ಕಾರುಗಳಿವೆ. ತಿರುವಿನಲ್ಲಿ ಒಳಗಿನ ಚಕ್ರ ಚಿಕ್ಕ ವೃತ್ತದಲ್ಲಿ ಹೋಗುವುದರಿಂದ ಅದು ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕು. ಈ ಜೋಡಣೆ ಕಾರಿಗಿಂತ ಹಳೆಯದು. ಜರ್ಮನಿಯ ಗಿಯೋರ್ಗ್ ಲಾಂಕೆನ್ಸ್‌ಪೆರ್ಗರ್ ಕುದುರೆ ಗಾಡಿಗಾಗಿ ರೂಪಿಸಿದ್ದಕ್ಕೆ 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್ಮನ್. ಹೆಸರು ಉಳಿದದ್ದು ಪೇಟೆಂಟ್ ಪಡೆದವನದು. ಚಕ್ರದಿಂದ ಟೈ ರಾಡಿಗೆ ಹೋಗುವ ತೋಳು ಎಂದೋ ಪೆಟ್ಟು ತಿಂದು ಬಾಗಿದ್ದರೆ, ನೇರ ರಸ್ತೆಯಲ್ಲಿ ಟೋ ಸರಿ ಕಂಡರೂ ತಿರುವಿನಲ್ಲಿ ಎರಡು ಚಕ್ರಗಳು ಜಗಳವಾಡುತ್ತವೆ.

ಟೈರಿನ ಬಗ್ಗೆಯೂ ಎರಡು ಮಾತು. ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದ ರೇಡಿಯಲ್ ಟೈರು, ಅಂದರೆ ಒಳಗಿನ ಎಳೆಗಳು ಅಂಚಿನಿಂದ ಅಂಚಿಗೆ ನೇರವಾಗಿ ಹಾಯುವ ಟೈರು, ಬರುವುದಕ್ಕೆ ಮುಂಚಿನ ಕಾರುಗಳ ಅಳತೆಗಳೆಲ್ಲ ಓರೆಯಾಗಿ ಹೆಣೆದ ಎಳೆಗಳ ಕ್ರಾಸ್‌ಪ್ಲೈ ಟೈರಿಗೆ ಬರೆದವು. ರೇಡಿಯಲ್ ಹಾಕಿದರೆ ಸಾಮಾನ್ಯವಾಗಿ ಟೋ-ಇನ್ ಕಡಿಮೆ ಸಾಕು. ಒಂದೇ ಅಚ್ಚಿಗೆ ಒಂದು ಕ್ರಾಸ್‌ಪ್ಲೈ, ಒಂದು ರೇಡಿಯಲ್ ಹಾಕಲೇಬೇಡಿ. ಬೆರೆಸುವುದು ಅನಿವಾರ್ಯವಾದರೆ ರೇಡಿಯಲ್ ಜೋಡಿ ಹಿಂದಿರಲಿ. ಗಾಳಿ ಕಡಿಮೆಯಾದರೆ ಎರಡೂ ಅಂಚು ಸವೆಯುತ್ತದೆ, ಹೆಚ್ಚಾದರೆ ನಡು. ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸ್ ನೋಡಿ. ತಿಂಗಳಿಗೊಮ್ಮೆ ಹೊರಡುವ ಕಾರಿನ ಟೈರು ಸವೆಯುವುದಕ್ಕೆ ಮೊದಲೇ ಮುದಿಯಾಗುತ್ತದೆ. 2000ದ ನಂತರದ ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ ಇಪ್ಪತ್ತಮೂರನೆಯ ವಾರ. ಪಕ್ಕೆಯಲ್ಲಿ ಸಣ್ಣ ಬಿರುಕು ಕಂಡರೆ ಟೈರಿನ ಮೈಮೇಲಿನ ಗೀರುಗಳು ಎಷ್ಟೇ ಆಳವಿದ್ದರೂ ಅದನ್ನು ನಂಬಬೇಡಿ. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಯ ವಯಸ್ಸನ್ನೂ ಕೇಳಿ, ಕಾರಿನಲ್ಲಿ ಎಲ್ಲರಿಗಿಂತ ಹಿರಿಯರು ಅವರೇ ಆಗಿರಬಹುದು.

ಹೊಸ ಬುಷ್, ಹೊಸ ಟೈರಿನೊಂದಿಗೆ ಐನೂರು ಕಿಲೋಮೀಟರ್ ಓಡಿಸಿ ಮತ್ತೆ ಅಂಗೈ ಸವರಿದೆ. ಅತ್ತಲಿಂದಲೂ ಇತ್ತಲಿಂದಲೂ ಒಂದೇ ನುಣುಪು. ಆದರೂ ಕಾರು ರಸ್ತೆಯ ಅಂಚಿನ ಕಡೆಗೆ ಒಂದಿಷ್ಟು ವಾಲುತ್ತಿತ್ತು. ಮತ್ತೆ ಜಾಕ್ ತೆಗೆಯುವ ಮೊದಲು ಬೆಳಗಿನ ಜಾವ, ರಸ್ತೆಯಲ್ಲಿ ಯಾರೂ ಇಲ್ಲದಾಗ, ಕಾರನ್ನು ರಸ್ತೆಯ ನಟ್ಟನಡುವೆ ಓಡಿಸಿ ಸ್ಟೇರಿಂಗ್ ಹಿಡಿತ ಸಡಿಲಿಸಿದೆ. ನೇರವಾಗಿ ಹೋಯಿತು. ನೀರು ಹರಿದುಹೋಗಲೆಂದು ರಸ್ತೆಯ ಬೆನ್ನನ್ನು ಉಬ್ಬಿಸಿರುತ್ತಾರೆ, ಕಾರು ಆ ಇಳಿಜಾರಿನ ಕಡೆಗೆ ವಾಲುತ್ತಿತ್ತು, ಅಷ್ಟೇ. ಜಾಕ್ ಡಿಕ್ಕಿಯಲ್ಲೇ ಉಳಿಯಿತು.

ನಮಸ್ಕಾರ.