ಆಲ್ಬಮ್ ಪುಟಕ್ಕೆ ಬ್ರಶ್ ಪೆನ್ನಿನ ಕನ್ನಡ

ಎಲ್ಲರಿಗೂ ನಮಸ್ಕಾರ.

ಸ್ಕ್ರ್ಯಾಪ್‌ಬುಕ್, ಅಂದರೆ ಫೋಟೋ ಅಂಟಿಸಿ ಅಲಂಕರಿಸಿದ ಆಲ್ಬಮ್, ಮಾಡುವ ನಮ್ಮವರ ಪುಟಗಳನ್ನು ಆಸೆಯಿಂದ ನೋಡುತ್ತೇನೆ. ಫೋಟೋದಲ್ಲಿ ಅಜ್ಜಿ ಇರುತ್ತಾರೆ, ಹಿಂದೆ ಊರಿನ ಮನೆ ಇರುತ್ತದೆ. ತಲೆಬರಹ ಮಾತ್ರ ಇಂಗ್ಲಿಷ್. ಯಾಕೆ ಅಂತ ಕೇಳಿದರೆ, ಬ್ರಶ್ ಪೆನ್ನಿನಲ್ಲಿ ಕನ್ನಡ ಚೆನ್ನಾಗಿ ಬರೋದಿಲ್ಲ ಅನ್ನುತ್ತಾರೆ. ಖಂಡಿತ ಬರುತ್ತದೆ. ಹೇಗೆ ಅಂತ ಇವತ್ತು ನೋಡೋಣ.

ಬ್ರಶ್ ಪೆನ್ನಿನ ತುದಿ ಮೆತ್ತಗಿರುತ್ತದೆ. ಒತ್ತಿದರೆ ಗೆರೆ ದಪ್ಪ, ಹಗುರವಾಗಿ ಎಳೆದರೆ ತೆಳು. ಇಂಗ್ಲಿಷ್ ಅಕ್ಷರಕ್ಕೆ ಹೇಳಿಕೊಡುವ ನಿಯಮ ಸರಳ: ಇಳಿಯುವಾಗ ಒತ್ತಿ, ಏರುವಾಗ ಹಗುರ ಮಾಡಿ. ಇದನ್ನೇ ಕನ್ನಡಕ್ಕೆ ಹಚ್ಚಿದರೆ ತೊಡಕು ಶುರು. ನಮ್ಮಲ್ಲಿ ನೇರ ಗೆರೆ ಕಡಿಮೆ, ಸುತ್ತು ಜಾಸ್ತಿ. ಹಿಂದೆ ತಾಳೆಗರಿಯ ಮೇಲೆ ಕಂಟದಿಂದ, ಅಂದರೆ ಚೂಪು ಮೊನೆಯ ಕಬ್ಬಿಣದ ಲೇಖನಿಯಿಂದ, ಕೊರೆಯುತ್ತಿದ್ದಾಗ ಗೆರೆಯೆಲ್ಲ ಹೆಚ್ಚುಕಡಿಮೆ ಒಂದೇ ದಪ್ಪ. ಇನ್ನು ‘ರ’ವನ್ನು ಒಬ್ಬರು ಎಡಕ್ಕೆ ಸುತ್ತುತ್ತಾರೆ, ಮತ್ತೊಬ್ಬರು ಬಲಕ್ಕೆ. ಅದರಂತೆ ದಪ್ಪವೂ ಬೇರೆ ಬೇರೆ ಕಡೆ ಬೀಳುತ್ತದೆ.

ಅದಕ್ಕೇ ಹೇಳುತ್ತೇನೆ, ದಪ್ಪ ಎಲ್ಲಿರಬೇಕು ಅಂತ ಪೆನ್ನು ಹಿಡಿಯುವ ಮೊದಲೇ ಗೊತ್ತು ಮಾಡಿಕೊಳ್ಳಿ. ನಾನು ಪ್ರತಿ ಸುತ್ತಿನ ಎಡಭಾಗ ದಪ್ಪ ಮಾಡುತ್ತೇನೆ, ಬಲಭಾಗ ಮತ್ತು ತಲೆಕಟ್ಟು ತೆಳು. ಅಕ್ಷರದ ನಡುವೆ ಪೆನ್ನು ಎತ್ತಿ, ಇನ್ನೊಂದು ಕಡೆಯಿಂದ ಎಳೆದು ಕೂಡಿಸುತ್ತೇನೆ. ನೀವು ಬಲಭಾಗ ದಪ್ಪ ಮಾಡಿದರೂ ತಪ್ಪಿಲ್ಲ. ಆದರೆ ಇಡೀ ಪದದಲ್ಲಿ ಅದನ್ನೇ ಪಾಲಿಸಿ.

ಒತ್ತಕ್ಷರ ನನಗೆ ಬಹಳ ಪ್ರೀತಿಯ ವಿಷಯ. ‘ಅಜ್ಜಿ’ ಅಂತ ಬರೆದು ನೋಡಿ. ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ‘ಜ’ ಒತ್ತು. ಮೂರಕ್ಕೂ ಜಾಗ ಬೇಕಲ್ವಾ? ಪೆನ್ಸಿಲಿನಲ್ಲಿ ನಾಲ್ಕು ಗೆರೆ ಎಳೆದು ಮೂರು ಪಟ್ಟಿ ಮಾಡಿಕೊಳ್ಳಿ. ನಡುವಿನ ಪಟ್ಟಿ 10 ಮಿಲಿಮೀಟರ್ ಇದ್ದರೆ ಒತ್ತಿಗೆ 7 ಆದರೂ ಬಿಡಿ. ಇಲ್ಲದಿದ್ದರೆ ಒತ್ತಿನ ಒಳಗಿನ ಖಾಲಿ ಜಾಗ ಇಂಕಿನಿಂದ ಮುಚ್ಚಿಹೋಗುತ್ತದೆ. ಒತ್ತು ಬರೆಯಲು ಸಣ್ಣ, ಗಟ್ಟಿ ತುದಿಯ ಪೆನ್ನು ಒಳ್ಳೆಯದು. ಎರಡು ಸಾಲಿನ ತಲೆಬರಹವಾದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗದಂತೆ ಪದಗಳನ್ನು ಅತ್ತಿತ್ತ ಸರಿಸಿ. ಹೊಸಬರು ‘ನಾಮಕರಣ’ದಿಂದ ಶುರು ಮಾಡಬಹುದು. ಅದರಲ್ಲಿ ಒತ್ತೂ ಇಲ್ಲ, ಗುಡಿಸೂ ಇಲ್ಲ.

ಪೆನ್ನಿನ ಬಗ್ಗೆ ಎರಡು ಮಾತು. ಟೊಂಬೊ ಡ್ಯುಯಲ್ ಬ್ರಶ್ ದೊಡ್ಡ ಅಕ್ಷರಕ್ಕೆ ಚೆನ್ನ, ಆದರೆ ಅದರ ಇಂಕಿಗೆ ನೀರು ತಾಗಿದರೆ ಹರಡುತ್ತದೆ. ಬಹುಕಾಲ ಉಳಿಯಬೇಕಾದ ಪುಟಕ್ಕೆ ಪಿಗ್ಮೆಂಟ್ ಇಂಕ್, ಅಂದರೆ ಬಣ್ಣದ ನುಣ್ಣನೆಯ ಪುಡಿ ಬೆರೆತ ಇಂಕು, ಇರಲಿ. ಸಕುರಾ ಪಿಗ್ಮಾ ಬ್ರಶ್ ಅಂಥದ್ದು. ಆಲ್ಕೋಹಾಲ್ ಮಾರ್ಕರ್ ಹಾಳೆಯ ಹಿಂಬದಿಗೂ ಇಳಿಯುತ್ತದೆ, ಹಿಂದೆ ಫೋಟೋ ಇದ್ದರೆ ಕಷ್ಟ. ಕೈಕಾಗದ ನೋಡಲು ಚೆಂದ, ಆದರೆ ಅದರ ತರಿಗೆ ಪೆನ್ನಿನ ತುದಿ ಎಳೆ ಎಳೆಯಾಗುತ್ತದೆ. ಆಮ್ಲರಹಿತ ನುಣುಪು ಹಾಳೆಯ ಪಟ್ಟಿಯ ಮೇಲೆ ಬರೆದು, ಅದನ್ನು ಪುಟಕ್ಕೆ ಅಂಟಿಸಿ. ಇಂಕು ಪೂರ್ತಿ ಒಣಗುವ ತನಕ ಪೆನ್ಸಿಲ್ ಗೆರೆ ಅಳಿಸಲು ರಬ್ಬರ್ ಮುಟ್ಟಬೇಡಿ.

ತಲೆಬರಹದ ಕೆಳಗೆ ಊರು, ಇಸವಿ, ಫೋಟೋದಲ್ಲಿರುವವರ ಹೆಸರು ಬರೆಯಲೇಬೇಕು. ಮುಂದೆ ಮೊಮ್ಮಕ್ಕಳು ಹುಡುಕುವುದು ಅದನ್ನೇ. ಈಗ ಪೆನ್ಸಿಲ್ ತೆಗೆದುಕೊಂಡು ನಾಲ್ಕು ಗೆರೆ ಎಳೆಯಿರಿ. ನಿಮ್ಮ ಮನೆಯ ಹಿರಿಯರೊಬ್ಬರ ಹೆಸರಿನಿಂದ ಶುರು ಮಾಡೋಣ.