ಕೆಂದಿ ಕಾವಿಗೆ ಕೂತಿದ್ದಾಳೆ

ಬೆಳಗಿನ ಐದೂವರೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಿತ್ರ ಸ್ವಲ್ಪ ಕಪ್ಪಗಿದೆ, ಆದರೆ ಟಾರ್ಚ್ ಹಾಕಿದರೆ ಅವಳು ಗಾಬರಿಯಾಗುತ್ತಾಳೆ. ಹಾಗಾಗಿ ಸದ್ಯಕ್ಕೆ ನೋಡಬೇಡಿ, ಕೇಳಿ. ಸಣ್ಣಗೆ ಚಿಂವ್ ಚಿಂವ್ ಅನ್ನುತ್ತಿದೆಯಲ್ಲ? ಅದು ಮೊಟ್ಟೆಯ ಒಳಗಿನಿಂದ ಬರುತ್ತಿರುವ ಸದ್ದು. ಇನ್ನೂ ಒಂದು ಮರಿಯೂ ಹೊರಗೆ ಬಂದಿಲ್ಲ. ಕೇಳಿ, ಈಗ ಇವಳೂ ಗೊರಗೊರ ಅಂತ ಉತ್ತರ ಕೊಡುತ್ತಿದ್ದಾಳೆ.

ಇವಳು ಕೆಂದಿ. ನಮ್ಮ ಹ್ಯಾಟೆ, ಅಂದರೆ ಹೆಣ್ಣು ಕೋಳಿ. ಇವತ್ತಿಗೆ ಕಾವಿಗೆ ಕೂತು 21 ದಿನ.

ನಾನಿರುವುದು ಚಿಂತಾಮಣಿ ಕಡೆ. ಒಂದು ಕಾಲಕ್ಕೆ ಇದೆಲ್ಲ ಕೋಲಾರ ಜಿಲ್ಲೆಯೇ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಯಿತು. ಆಂಧ್ರದ ಗಡಿ ಇಲ್ಲಿಂದ ದೂರವೇನಿಲ್ಲ. ಈ ಗಡಿಯ ಎರಡೂ ಕಡೆ ಇರುವ ಒಂದು ಕೋಳಿ ತಳಿಗೆ ಘಾಗಸ್ ಅಂತ ಹೆಸರು. ಕೆಂದಿ ಅದೇ ತಳಿ. ಹರಿಯಾಣದ ಕರ್ನಾಲ್‌ನಲ್ಲಿ ದೇಶದ ದನ, ಕುರಿ, ಕೋಳಿ ತಳಿಗಳ ಲೆಕ್ಕ ಇಡುವ ರಾಷ್ಟ್ರೀಯ ಸಂಸ್ಥೆ ಇದೆ. ಅವರ ಪಟ್ಟಿಯಲ್ಲಿ ಆಂಧ್ರ ಮತ್ತು ಕರ್ನಾಟಕದ ಹೆಸರಿನಲ್ಲಿ ಇದು ದಾಖಲಾಗಿದೆ. ನಮ್ಮ ಅಜ್ಜಿಗೆ ಆ ಹೆಸರು ಗೊತ್ತೇ ಇರಲಿಲ್ಲ. ಅವರಿಗೆ ಇದು ಬರೀ ಕೋಳಿ. ಫಾರಂ ಕೋಳಿ ಬಂದ ಮೇಲೆ ನಾಟಿ ಕೋಳಿ ಆಯಿತು, ಅಷ್ಟೇ.

ಬೆಳಕು ಬಂತು. ಈಗ ನೋಡಿ. ಗಂಟಲ ಹತ್ತಿರ ಪುಕ್ಕ ಸಡಿಲವಾಗಿ ಇಳಿಬಿದ್ದಿದೆ. ಜುಟ್ಟು ಚಿಕ್ಕದು, ಬಟಾಣಿ ಕಾಳು ಸಾಲಾಗಿ ಅಂಟಿಸಿದ ಹಾಗೆ. ಕಾಲು ಹಳದಿ. ಈ ಹಳದಿಯ ಕಥೆ ನನಗೆ ತುಂಬಾ ಇಷ್ಟ. ಊರುಕೋಳಿಗಳ ಮೂಲ ಕೆಂಪು ಕಾಡುಕೋಳಿ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜ ಕೂಡ. ಆದರೆ ಹಳದಿ ಚರ್ಮದ ಗುಣ ಬಂದಿದ್ದು ಅದರಿಂದಲ್ಲ, ಬೂದು ಕಾಡುಕೋಳಿಯಿಂದ ಅಂತ 2008ರಲ್ಲಿ ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿಗಳು ತೋರಿಸಿದರು. ಬೂದು ಕಾಡುಕೋಳಿ ಅಂದರೆ ನಮ್ಮ ಮಲೆನಾಡಿನಲ್ಲಿ ಬೆಳಿಗ್ಗೆ ಕೂಗುತ್ತದಲ್ಲ, ಅದೇ. ಪ್ರಪಂಚದ ಎಷ್ಟೋ ಹಿತ್ತಲುಗಳಲ್ಲಿ ಓಡಾಡುವ ಹಳದಿ ಕಾಲಿನ ಹಿಂದೆ ನಮ್ಮ ಕಡೆಯ ಒಂದು ಕಾಡುಹಕ್ಕಿ ಇದೆ.

ಕಾವಿನ ವಿಷಯಕ್ಕೆ ಬರುತ್ತೇನೆ. ನಾಟಿ ತಳಿ ಕಾಯುವ ಈ ಕೆಲಸ ನಾನು ಶುರು ಮಾಡಿದ್ದೇ ಅದಕ್ಕೋಸ್ಕರ.

ನಮ್ಮೂರಲ್ಲಿ ಈಗ ಕಾವಿಗೆ ಕೂರುವ ಹ್ಯಾಟೆ ಹುಡುಕಬೇಕು. ಮನೆಮನೆಗೆ ಗಿರಿರಾಜ ಬಂದಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ತಳಿ ಅದು. ಆಮೇಲೆ 2005ರಲ್ಲಿ ಸ್ವರ್ಣಧಾರವೂ ಬಂತು. ಅವನ್ನು ನಾನು ಬೈಯುವುದಿಲ್ಲ. ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ, ಬೇಗ ತೂಕ ಬರುತ್ತದೆ. ಎಷ್ಟೋ ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ಸಿಕ್ಕಿದ್ದು ಅದರಿಂದಲೇ. ನಮ್ಮ ಕೆಂದಿ ವರ್ಷಕ್ಕೆ 60 ಇಟ್ಟರೆ ಹೆಚ್ಚು. ಆದರೆ ಅಷ್ಟೊಂದು ಮೊಟ್ಟೆ ಇಡುವ ಕೋಳಿಗೆ ಕೂತು ಮರಿ ಮಾಡುವ ಬುದ್ಧಿ ಹೋಗಿರುತ್ತದೆ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಹಾಗಾಗಿ ಮೊಟ್ಟೆ ಜಾಸ್ತಿ ಬೇಕು ಅಂತ ಆರಿಸುತ್ತಾ ಹೋದರೆ ಕೂರುವ ಗುಣ ತಾನಾಗಿಯೇ ಕಳಚುತ್ತದೆ. ಆಮೇಲೆ ಪ್ರತಿ ಸಲವೂ ಮರಿಯನ್ನು ದುಡ್ಡು ಕೊಟ್ಟೇ ತರಬೇಕು.

ಕೂರುವುದು ಅಂದರೆ ಸುಮ್ನೆ ಕೂರುವುದಲ್ಲ. ಈ ಶಾಟ್ ನೋಡಿ, ಇದು ಮೊದಲ ವಾರದ್ದು. ಕೊಕ್ಕಿನಿಂದ ಮೊಟ್ಟೆಯನ್ನು ಹೇಗೆ ತಿರುಗಿಸುತ್ತಿದ್ದಾಳೆ ಅಂತ. ಹಗಲೂ ರಾತ್ರಿ ಹೀಗೆ ಎಷ್ಟೋ ಸಲ. ತಿರುಗಿಸದಿದ್ದರೆ ಒಳಗಿನ ಜೀವ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಅಂಚಿನ ಮೊಟ್ಟೆ ನಡುವಿಗೆ ಬರಬೇಕು, ನಡುವಿನದು ಅಂಚಿಗೆ ಹೋಗಬೇಕು. ದಿನಕ್ಕೆ ಒಂದು ಸಲ ಎದ್ದು ಹೋಗುತ್ತಾಳೆ. ನೀರು, ನಾಲ್ಕು ಕಾಳು, ಒಂದು ಮಣ್ಣಿನ ಸ್ನಾನ. ಮತ್ತೆ ಬಂದು ಕೂರುತ್ತಾಳೆ. ಇನ್‌ಕ್ಯುಬೇಟರ್‌ನಲ್ಲಿ ನಾವು 37.5 ಡಿಗ್ರಿ ಇಡಲು ಒದ್ದಾಡುತ್ತೇವೆ. ನನ್ನ ಹತ್ತಿರವೂ ಒಂದು ಚಿಕ್ಕದಿತ್ತು. ಒಂದು ರಾತ್ರಿ ಕರೆಂಟು ಹೋಗಿ 30 ಮೊಟ್ಟೆ ಹಾಳಾದವು, 18ನೇ ದಿನ. ಒಡೆದು ನೋಡಿದಾಗ ಒಳಗೆ ಪೂರ್ತಿ ಬೆಳೆದ ಮರಿಗಳು. ಅವತ್ತು ನನಗೆ ಊಟ ಸೇರಲಿಲ್ಲ.

ಇನ್ನೊಂದು ವಿಷಯ ನೋಡಿ. 14 ಮೊಟ್ಟೆ ಇಡಲು ಅವಳಿಗೆ ಮೂರು ವಾರದ ಹತ್ತಿರ ಹಿಡಿಯಿತು. ಹಳೆಯ ಮೊಟ್ಟೆಗಳು ತೀರಾ ಹಳತಾಗಬಾರದು ಅಂತ ಮೊದಲಿನ ಕೆಲವನ್ನು ತೆಗೆದು, ಅದೇ ಗುಂಪಿನ ಬೇರೆ ಹ್ಯಾಟೆಗಳ ಹೊಸ ಮೊಟ್ಟೆ ಇಟ್ಟೆ. ವಾರಕ್ಕಿಂತ ಹಳೆಯದಾದರೆ ಮರಿಯಾಗುವುದು ಕಡಿಮೆ. ಬೇರೆ ಬೇರೆ ದಿನ ಇಟ್ಟ ಮೊಟ್ಟೆ, ಆದರೂ ಎಲ್ಲ ಒಂದೇ ದಿನ ಒಡೆಯುತ್ತವೆ. ತಂಪಾಗಿದ್ದಷ್ಟು ಕಾಲ ಒಳಗಿನ ಬೆಳವಣಿಗೆ ನಿಂತೇ ಇರುತ್ತದೆ, ಕಾವು ತಾಗಿದ ಮೇಲೆ ಎಲ್ಲವೂ ಒಟ್ಟಿಗೆ ಶುರು. ಅಜ್ಜಿ ಮೊಟ್ಟೆಯನ್ನು ರಾಗಿ ಮಡಕೆಯಲ್ಲಿ ಹುದುಗಿಸಿ ಇಡುತ್ತಿದ್ದರು. ಯಾಕೆ ಅಂತ ಈಗ ಅರ್ಥವಾಗುತ್ತಿದೆ.

ಏಳನೇ ದಿನ ರಾತ್ರಿ ಟಾರ್ಚ್ ಹಿಡಿದು ನೋಡಿದ್ದೆ. ಜೀವ ಇರುವ ಮೊಟ್ಟೆಯಲ್ಲಿ ಜೇಡರ ಬಲೆಯ ಹಾಗೆ ಕೆಂಪು ನರಗಳು ಕಾಣುತ್ತವೆ. 14ರಲ್ಲಿ ಒಂದು ಮಾತ್ರ ಗೊಡ್ಡು. ಅದನ್ನು ತೆಗೆದೆ.

ಒಂದೇ ಗೊಡ್ಡು ಅನ್ನುವುದು ನನಗೆ ಎಷ್ಟು ದೊಡ್ಡ ವಿಷಯ ಅಂತ ಹೇಳಬೇಕು. ಮೂರು ವರ್ಷದ ಹಿಂದೆ ಅರ್ಧಕ್ಕರ್ಧ ಮೊಟ್ಟೆ ಗೊಡ್ಡಾಗುತ್ತಿದ್ದವು. ಮರಿಯಾದರೂ ಸೋತ ಮರಿಗಳು. ಮೇವು ಬದಲಾಯಿಸಿದೆ, ಗೂಡು ಬದಲಾಯಿಸಿದೆ. ತಪ್ಪು ಇದ್ದದ್ದು ಹುಂಜದಲ್ಲಿ. ಅಂದರೆ ಅದರ ಆರೋಗ್ಯದಲ್ಲಲ್ಲ. ಇದ್ದದ್ದು ಒಂದೇ ಹುಂಜ. ತುಂಬಾ ಚೆಂದದ ಹುಂಜ ಅಂತ ಅದನ್ನೇ ಇಟ್ಟುಕೊಂಡಿದ್ದೆ. ಅದರ ಮಕ್ಕಳು, ಮೊಮ್ಮಕ್ಕಳು, ಎಲ್ಲಕ್ಕೂ ಅದೇ. ಹತ್ತಿರದ ರಕ್ತವೇ ಮತ್ತೆ ಮತ್ತೆ ಸೇರಿ ತಳಿ ಸೋತಿತ್ತು.

ಗುಂಪಿನಲ್ಲಿರುವ ರಕ್ತದ ವೈವಿಧ್ಯ ನಿಜವಾಗಿ ಎಷ್ಟು ಕೋಳಿಗಳಷ್ಟು ಅಂತ ನೋಡಲು ತಳಿ ಕಾಯುವವರಿಗೆ ಒಂದು ಲೆಕ್ಕ ಇದೆ. ಹುಂಜಗಳ ಸಂಖ್ಯೆಯನ್ನು ಹ್ಯಾಟೆಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಕೋಳಿಗಳಿಂದ ಭಾಗಿಸಬೇಕು. ಒಂದು ಹುಂಜ, ಹತ್ತು ಹ್ಯಾಟೆ ಇದ್ದರೆ ಬರುವುದು 3.6. ಅಂಗಳದಲ್ಲಿ ಓಡಾಡುವುದು ಹನ್ನೊಂದು ಕೋಳಿ, ರಕ್ತದ ಲೆಕ್ಕಕ್ಕೆ ನಾಲ್ಕೂ ಇಲ್ಲ. ಅದೇ ಹತ್ತು ಹ್ಯಾಟೆಗೆ ಮೂರು ಹುಂಜ ಇಟ್ಟರೆ ಒಂಬತ್ತು ದಾಟುತ್ತದೆ. ಈ ಲೆಕ್ಕ ತಿಳಿದ ದಿನ ನನ್ನ ಕೋಳಿ ಸಾಕಣೆಯೇ ಬದಲಾಯಿತು.

ಹಳೆಯ ನಾಟಿ ಇನ್ನೂ ಉಳಿದಿರುವ ಮನೆ ಹುಡುಕಿಕೊಂಡು ಗಡಿಯ ಆಚೆ ಈಚೆ ತಿರುಗಿದೆ. ಎರಡು ಹುಂಜ ಸಿಕ್ಕವು. ಈಗ ಮೂರು ಗುಂಪು. ಕಾಲಿಗೆ ಕೆಂಪು ದಾರ, ನೀಲಿ ದಾರ, ಹಸಿರು ದಾರ. ಹ್ಯಾಟೆ ಮರಿಗಳು ತಾಯಿಯ ಗುಂಪಲ್ಲೇ ಉಳಿಯುತ್ತವೆ. ಹುಂಜ ಮರಿಗಳು ಮಾತ್ರ ಮುಂದಿನ ಗುಂಪಿಗೆ ಹೋಗುತ್ತವೆ. ಕೆಂಪಿನಿಂದ ನೀಲಿಗೆ, ನೀಲಿಯಿಂದ ಹಸಿರಿಗೆ, ಹಸಿರಿನಿಂದ ಕೆಂಪಿಗೆ. ಅಣ್ಣ ತಂಗಿ ಒಂದೇ ಕಡೆ ಸೇರುವುದಿಲ್ಲ. ಹುಂಜ ಬದಲಾಯಿಸಿದ ತಕ್ಷಣದ ಮೊಟ್ಟೆಯನ್ನು ಮರಿಗೆ ಇಡಬೇಡಿ. ಹಳೆಯ ಹುಂಜದ ಬೀಜ ಹ್ಯಾಟೆಯ ಹೊಟ್ಟೆಯಲ್ಲಿ ಎರಡು ವಾರಕ್ಕೂ ಜಾಸ್ತಿ ಜೀವಂತ ಇರುತ್ತದೆ. ನಾನು ಮೂರು ವಾರ ಬಿಟ್ಟು ಶುರು ಮಾಡುತ್ತೇನೆ.

ಕಡಕ್‌ನಾಥ್ ಯಾಕೆ ಸಾಕಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಚೆಂದದ ಕೋಳಿ, ಮಾಂಸವೂ ಕಪ್ಪು. ಆದರೆ ಅದರ ಮನೆ ಮಧ್ಯಪ್ರದೇಶದ ಝಾಬುವಾ. ಅದರ ಮಾಂಸಕ್ಕೆ 2018ರಲ್ಲಿ, ಇದು ಆ ಊರಿನದೇ ಅಂತ ಹೇಳುವ ಜಿಐ ಗುರುತೂ ಸಿಕ್ಕಿದೆ. ಅದನ್ನು ಕಾಯಲು ಅಲ್ಲಿಯ ಜನ ಇದ್ದಾರೆ. ಇದನ್ನು ನಾವೇ ಕಾಯಬೇಕಲ್ವಾ?

ರೋಗದ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಾಟಿ ಕೋಳಿಗೆ ಏನೂ ಆಗಲ್ಲ ಅನ್ನುವ ಮಾತನ್ನು ನಂಬಬೇಡಿ. ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಬಂದರೆ ಒಂದು ವಾರದಲ್ಲಿ ಗೂಡು ಖಾಲಿ. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಲಸೋಟಾ ಲಸಿಕೆಯ ಹನಿ, ಎಂಟು ವಾರದ ಹೊತ್ತಿಗೆ ಅದೇ ರೋಗಕ್ಕೆ ಆರ್‌2ಬಿ ಚುಚ್ಚುಮದ್ದು. ಒಂದು ಸೀಸೆಯಲ್ಲಿ ನೂರು ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಇಟ್ಟುಕೊಳ್ಳಲು ಆಗಲ್ಲ. ಅದಕ್ಕೆ ನಮ್ಮ ಬೀದಿಯವರೆಲ್ಲ ಒಂದೇ ದಿನ ಹಾಕಿಸುತ್ತೇವೆ.

ಅಯ್ಯೋ, ನಿಲ್ಲಿ. ಬಂತು. ರೆಕ್ಕೆಯ ಕೆಳಗೆ ನೋಡಿ, ಬಲಗಡೆ. ಕೊಕ್ಕಿನ ತುದಿಯಲ್ಲಿ ಬಿಳಿ ಚುಕ್ಕೆ ಕಾಣುತ್ತಿದೆಯಾ? ಅದೇ ಚಿಪ್ಪು ಒಡೆಯುವ ಹಲ್ಲು, ಎರಡು ಮೂರು ದಿನದಲ್ಲಿ ಉದುರಿ ಹೋಗುತ್ತದೆ. ಮರಿ ಕಷ್ಟಪಡುತ್ತಿದೆ ಅಂತ ನೀವು ಚಿಪ್ಪು ಬಿಡಿಸಲು ಹೋಗಬೇಡಿ. ಒಳಗಿನ ರಕ್ತ, ಹಳದಿ ಎಲ್ಲ ಹೊಟ್ಟೆಗೆ ಎಳೆದುಕೊಳ್ಳಲು ಅದಕ್ಕೆ ಸಮಯ ಬೇಕು. ಆ ಹಳದಿಯ ಬಲದಲ್ಲೇ ಒಂದೆರಡು ದಿನ ಮೇವಿಲ್ಲದೆ ಇರುತ್ತದೆ. ಮೊದಲು ಹುಟ್ಟಿದ ಮರಿ ಕೊನೆಯದಕ್ಕೆ ಕಾಯಲು ಆಗುವುದು ಹೀಗೆ.

ಈಗ ಸಂಜೆ. 13ರಲ್ಲಿ 11 ಮರಿ. ಎರಡು ಮೊಟ್ಟೆ ಇನ್ನೂ ಹಾಗೇ ಇವೆ, ಕೆಂದಿ ಅವುಗಳ ಮೇಲಿಂದ ಎದ್ದಿಲ್ಲ. ನಾನೂ ಎಬ್ಬಿಸಲ್ಲ, ನಾಳೆ ಬೆಳಿಗ್ಗೆವರೆಗೂ ನೋಡೋಣ.

ಇದನ್ನು ಹತ್ತಿರದಿಂದ ತೋರಿಸುತ್ತೇನೆ. ಈ ಮರಿಯ ತಲೆ ನೋಡಿ. ಉಳಿದವಕ್ಕೆ ನೆತ್ತಿಯ ಮೇಲೆ ಅಗಲವಾದ ಗುರುತು, ಇದಕ್ಕೆ ಒಂದೇ ತೆಳು ಗೆರೆ. ಅಪ್ಪ, ಅಮ್ಮ ಇಬ್ಬರಿಗೂ ಬಟಾಣಿ ಜುಟ್ಟು, ಇದಕ್ಕೆ ಮಾತ್ರ ಒಂಟಿ ಜುಟ್ಟು. ಹಾಗೆ ಆಗುತ್ತದೆ. ಬಟಾಣಿ ಜುಟ್ಟಿನ ಗುಣ ಮೇಲುಗೈ, ಒಂಟಿ ಜುಟ್ಟು ಅದರ ಕೆಳಗೆ ತಲೆಮಾರುಗಟ್ಟಲೆ ಅಡಗಿರಬಹುದು. ಮೊದಲಾಗಿದ್ದರೆ ಕಲಬೆರಕೆ ಅಂತ ಮಾರಿಬಿಡುತ್ತಿದ್ದೆ. ಘಾಗಸ್‌ನಲ್ಲಿ ಎರಡೂ ಜುಟ್ಟು ಇವೆ. ಇದರ ಕಾಲಿಗೆ ನೀಲಿ ದಾರ ಕಟ್ಟುತ್ತಿದ್ದೇನೆ, ಸಡಿಲವಾಗಿ, ವಾರಕ್ಕೊಮ್ಮೆ ಬದಲಾಯಿಸಬೇಕು. ಹ್ಯಾಟೆಯಾದರೆ ಬರುವ ವರ್ಷ ಕಾವಿಗೆ ಕೂರುತ್ತಾಳಾ ಅಂತ ನೋಡಬೇಕು.

ಮಂಕರಿ ಮುಚ್ಚುತ್ತೇನೆ. ಹಿತ್ತಲಲ್ಲಿ ಮುಂಗುಸಿ ಓಡಾಡುತ್ತಿದೆ.