ಬಿ.ಪಿ. ಮಾತ್ರೆಯೂ ಬಿಸಿಲೂ

ಕೇಳುಗರಿಗೆ ನಮಸ್ಕಾರ. ಹೊಲ ತೋಟದಲ್ಲಿ ದುಡಿಯುತ್ತ ಬಿ.ಪಿ. ಮಾತ್ರೆ ನುಂಗುತ್ತಿರುವವರು ರೇಡಿಯೊ ಸ್ವಲ್ಪ ಜೋರು ಮಾಡಿಕೊಳ್ಳಿ. ಇವತ್ತಿನ ಮಾತು ನಿಮಗೇ.

ಬಿ.ಪಿ.ಗೆ ಕೊಡುವ ಔಷಧಗಳಲ್ಲಿ ಮೂತ್ರವರ್ಧಕ ಅಂತ ಒಂದು ಗುಂಪಿದೆ. ಮೈಯಲ್ಲಿರುವ ಹೆಚ್ಚಿನ ಉಪ್ಪು, ನೀರನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಅದರಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಬಹಳ ಹಳೆಯದು, ಅಗ್ಗದ್ದು, ಒಳ್ಳೆಯದೂ ಹೌದು. ಬೇರೆ ಔಷಧದ ಜೊತೆ ಒಂದೇ ಮಾತ್ರೆಯಲ್ಲಿ ಸೇರಿ ಬಂದರೆ ಸ್ಟ್ರಿಪ್ಪಿನ ಮೇಲೆ ಹೆಸರಿನ ಕೊನೆಗೆ ‘ಎಚ್’ ಅಂತ ಇರುವುದುಂಟು. ಈ ಔಷಧ ಕೆಲವರ ಚರ್ಮಕ್ಕೆ ಬಿಸಿಲು ಆಗದ ಹಾಗೆ ಮಾಡುತ್ತದೆ. ಎಲ್ಲರಿಗೂ ಅಲ್ಲ, ಕೆಲವರಿಗೆ.

ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಬೆಳೆಯುವ ಒಬ್ಬ ತಾಯಿ ನನ್ನ ಹತ್ತಿರ ಬಂದಿದ್ದರು. ಮುಖ, ಕತ್ತು, ಮುಂಗೈ ಕಪ್ಪಿಟ್ಟು ದಪ್ಪಗಾಗಿ, ವಿಪರೀತ ನವೆ. ಹೂವಿಗೆ ಹೊಡೆದ ಔಷಧಿ ಅಂತ ಮಗ. ನಾಗದೋಷ ಅಂತ ಅತ್ತೆ, ಪೂಜೆಯೂ ಆಗಿತ್ತು. ಮೆಡಿಕಲ್ ಶಾಪಿನಿಂದ ತಂದ ಮೂರು ಥರದ ಟ್ಯೂಬನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ನನಗೆ ಮೊದಲು ಅನುಮಾನ ಬಂದದ್ದು ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಗಿಡದ ಮೇಲೆ. ಆದರೆ ಅದರ ಪುಡಿ ಗಾಳಿಯಲ್ಲಿ ಬಂದು ರೆಪ್ಪೆ, ಗದ್ದದ ಕೆಳಗೆ, ಮೊಣಕೈ ಮಡಿಕೆ, ಎಲ್ಲ ಕಡೆಗೂ ನುಗ್ಗುತ್ತದೆ. ಇವರ ಗದ್ದದ ಕೆಳಗೆ, ಕಿವಿಯ ಹಿಂದೆ ಚರ್ಮ ಚೊಕ್ಕ! ಕೆಲಸಕ್ಕೆ ಹೋಗುವಾಗ ಸೀರೆಯ ಮೇಲೆ ಯಜಮಾನರ ಶರ್ಟು ಹಾಕಿ ತೋಳು ಮಡಿಸುತ್ತಿದ್ದರಂತೆ. ಮಡಿಸಿದ ಅಂಚು ಎಲ್ಲಿದೆಯೋ ಅಲ್ಲಿಗೇ ಕಪ್ಪು ನಿಂತಿತ್ತು, ಗೆರೆ ಎಳೆದ ಹಾಗೆ. ಅಂದರೆ ಬಿಸಿಲು ಬಿದ್ದ ಕಡೆ ಮಾತ್ರ ತೊಂದರೆ.

“ಏನಾದ್ರೂ ಮಾತ್ರೆ ತಗೋತೀರಾಮ್ಮ?”

“ಇಲ್ಲ ಸಾರ್, ಒಂದೂ ಇಲ್ಲ.”

“ಬಿ.ಪಿ. ಇದೆಯಾ?”

“ಇತ್ತು ಸಾರ್, ದಿನಾ ಮಾತ್ರೆ ನುಂಗ್ತೀನಲ್ಲ, ಈಗಿಲ್ಲ.”

ನೋಡಿ! ಬಿ.ಪಿ. ಮಾತ್ರೆಯನ್ನು ನಮ್ಮ ಜನ ಮಾತ್ರೆಯ ಲೆಕ್ಕಕ್ಕೇ ಸೇರಿಸುವುದಿಲ್ಲ. ಮಗನನ್ನು ಊರಿಗೆ ಓಡಿಸಿ ಸ್ಟ್ರಿಪ್ ತರಿಸಿದೆ. ಅದೇ ‘ಎಚ್’. ಅವರ ಬಿ.ಪಿ. ಡಾಕ್ಟರ ಜೊತೆ ಮಾತಾಡಿ ಬೇರೆ ಗುಂಪಿನ ಮಾತ್ರೆಗೆ ಬದಲಾಯಿಸಿದೆವು. ನವೆ ಕೆಲವು ವಾರದಲ್ಲಿ ಇಳಿಯಿತು, ಕಪ್ಪು ಹೋಗುವುದಕ್ಕೆ ತಿಂಗಳುಗಳೇ ಬೇಕಾದವು.

ಅದಕ್ಕೇ ಹೇಳುವುದು, ಚರ್ಮ ತೋರಿಸಲು ಬರುವಾಗ ಸ್ಟ್ರಿಪ್ ತನ್ನಿ. ವರ್ಷದಿಂದ ನುಂಗುತ್ತಿದ್ದೇನೆ, ಈಗೇಕೆ ಅನ್ನಬೇಡಿ. ಎಷ್ಟೋ ದಿನದ ಮೇಲೂ ಶುರುವಾಗಬಹುದು. ಮೋಡ ಇತ್ತು ಅಂತಲೂ ಅನ್ನಬೇಡಿ. ಇದಕ್ಕೆ ಕಾರಣವಾದ ಅತಿನೇರಳೆ ಕಿರಣ ಮೋಡದಲ್ಲೂ, ಬಸ್ಸಿನ ಕಿಟಕಿ ಗಾಜಿನಲ್ಲೂ ತೂರಿ ಬರುತ್ತದೆ. ತುಂಬುತೋಳು ಹಾಕಿ, ಮಡಿಸಬೇಡಿ, ತಲೆಗೆ ಅಗಲ ಅಂಚಿನ ಟೋಪಿ ಇರಲಿ.

ಸಮಯ ಮುಗಿಯುತ್ತ ಬಂತು, ಇನ್ನೊಂದೇ ಮಾತು. ಈ ಔಷಧದಿಂದ ಚರ್ಮದ ಕ್ಯಾನ್ಸರ್ ಅಂತ ಮೊಬೈಲಿನಲ್ಲಿ ಓದಿ ಕೆಲವರು ಓಡಿ ಬರುತ್ತಾರೆ. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಆ ಎಚ್ಚರಿಕೆಯನ್ನು ಔಷಧದ ಮಾಹಿತಿ ಚೀಟಿಗೆ ಸೇರಿಸಿದ್ದು ನಿಜ. ಅಲ್ಲಿ ಕಂಡದ್ದು ಸಣ್ಣ ಅಪಾಯ, ಅದೂ ಹೆಚ್ಚಾಗಿ ಬಿಳಿ ಚರ್ಮದವರಲ್ಲಿ, ಬಹುಕಾಲ ನುಂಗಿದವರಲ್ಲಿ. ಅದಕ್ಕೆ ಹೆದರಿ ನೀವೇ ಮಾತ್ರೆ ಬಿಟ್ಟು ಲಕ್ವ ಹೊಡೆಸಿಕೊಳ್ಳಬೇಡಿ. ಬದಲಾಯಿಸುವುದು ಡಾಕ್ಟರ ಕೆಲಸ. ನಿಮ್ಮ ಕೆಲಸ ಸ್ಟ್ರಿಪ್ ತರುವುದು. ಖಾಲಿಯಾಗಿದ್ದರೂ ಸರಿ, ಹೆಸರಿರುವ ಭಾಗ ಮಾತ್ರ ಹರಿದಿರಬಾರದು. ನಮಸ್ಕಾರ.